ತಪಸ್ಸುಕಾಲಕ್ಕೆ ವೀಗನ್ ಅಡುಗೆ: ಇಡೀ ಮನೆಗೆ ಒಂದೇ ಒಲೆ

ವಿಭೂತಿ ಬುಧವಾರದಿಂದ ಈಸ್ಟರ್‌ನ ಹಿಂದಿನ ದಿನದವರೆಗೆ ಒಟ್ಟು 46 ದಿನ. ನಡುವೆ ಬರುವ ಆರು ಭಾನುವಾರಗಳನ್ನು ಕಳೆದರೆ ತಪಸ್ಸುಕಾಲದ 40 ದಿನ ಉಳಿಯುತ್ತವೆ. ಈ ಅವಧಿಯಲ್ಲಿ ಮಾಂಸ ಬಿಡುವುದು ನಮ್ಮ ಕ್ರೈಸ್ತ ಮನೆಗಳಿಗೆ ಹೊಸದಲ್ಲ. ಶುಕ್ರವಾರ ಮಾತ್ರ ಬಿಡುವವರಿದ್ದಾರೆ, ನಲವತ್ತೂ ದಿನ ಬಿಡುವವರಿದ್ದಾರೆ. ಅದರಾಚೆಗೆ ಹೋಗಿ ಮೀನು, ಮೊಟ್ಟೆ, ಹಾಲು, ಮೊಸರು, ತುಪ್ಪ ಎಲ್ಲವನ್ನೂ ಬಿಟ್ಟು ಸಸ್ಯಮೂಲದ್ದನ್ನು ಮಾತ್ರ ಉಣ್ಣಬೇಕು, ಅಂದರೆ ಈ ಕಾಲವನ್ನು ವೀಗನ್ ಆಗಿ ಕಳೆಯಬೇಕು ಎಂದು ಹೊರಟವರ ಮುಂದೆ ಎರಡು ಪ್ರಶ್ನೆಗಳು ನಿಲ್ಲುತ್ತವೆ. ದೇಹಕ್ಕೆ ಬೇಕಾದದ್ದೆಲ್ಲ ಸಿಗುತ್ತದೆಯೇ? ಮನೆಯ ಉಳಿದವರ ಊಟದ ಗತಿ ಏನು? ಮೊದಲನೆಯದಕ್ಕೆ ಪೌಷ್ಟಿಕಾಂಶದ ಪಟ್ಟಿಯಲ್ಲೇ ಉತ್ತರವಿದೆ. ಎರಡನೆಯದೇ ಕಷ್ಟದ್ದು. ಮನೆಮಂದಿಗೆಲ್ಲ ಒಂದು ಅಡುಗೆ, ಒಬ್ಬರಿಗೆ ಇನ್ನೊಂದು ಎಂದು ಎರಡೆರಡು ಸಲ ಒಲೆ ಹಚ್ಚುವ ಮನೆಯಲ್ಲಿ ಈ ಸಂಕಲ್ಪ ಹೆಚ್ಚು ದಿನ ಬಾಳುವುದಿಲ್ಲ. ಬಾಳಿದರೂ ಅಡುಗೆ ಮಾಡುವವರ ಬೆನ್ನಿನ ಮೇಲೆ ಬಾಳುತ್ತದೆ. ಹಾಗಾಗಿ ವೀಗನ್ ತಪಸ್ಸುಕಾಲವನ್ನು ಒಬ್ಬರ ಪಥ್ಯದಂತೆ ನೋಡದೆ ಇಡೀ ಮನೆಯ ಅಡುಗೆಯ ಕ್ರಮವಾಗಿ ಯೋಜಿಸಬೇಕು. ಎಲ್ಲರಿಗೂ ಸಲ್ಲುವ ಸಸ್ಯಮೂಲದ ಅಡುಗೆ ಬುಡದಲ್ಲಿರಲಿ, ಬೇಕಾದವರು ಅದರ ಮೇಲೆ ತಮಗೆ ಬೇಕಾದದ್ದನ್ನು ಸೇರಿಸಿಕೊಳ್ಳಲಿ. ವಾರದ ಊಟಕ್ಕೂ ಈಸ್ಟರ್ ಹಬ್ಬದ ಊಟಕ್ಕೂ ಈ ಒಂದೇ ಸೂತ್ರ ಸಾಕು.

ಹಳೆಯ ರೂಢಿ, ಹೊಸ ಹೆಸರು

ಹಾಲು ಮೊಟ್ಟೆ ಬಿಡುವುದು ಈಗಿನವರ ಖಯಾಲಿ, ಚರ್ಚು ಅದನ್ನು ಕೇಳಿಯೇ ಇಲ್ಲ ಎಂಬುದು ಮೊದಲು ಬರುವ ಆಕ್ಷೇಪ. ಇಂದಿನ ಕಥೋಲಿಕ ನಿಯಮದ ಮಟ್ಟಿಗೆ ಅದು ಸರಿ. 1983ರ ಧರ್ಮಸಭಾ ಸಂಹಿತೆಯ ಪ್ರಕಾರ 14 ವರ್ಷ ದಾಟಿದವರು ನಿಗದಿತ ದಿನಗಳಲ್ಲಿ ಮಾಂಸ ವರ್ಜಿಸಬೇಕು. ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರದ ಉಪವಾಸ 18 ತುಂಬಿದವರಿಂದ ಹಿಡಿದು 59 ತುಂಬುವವರೆಗಿನವರಿಗೆ ಅನ್ವಯಿಸುತ್ತದೆ. ಹಾಲಿನ ಮಾತು ಅಲ್ಲಿಲ್ಲ. ಆದರೆ ಚರಿತ್ರೆ ಇದಕ್ಕಿಂತ ಉದ್ದವಾಗಿದೆ. 692ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಸೇರಿದ ಸಭೆ ತಪಸ್ಸುಕಾಲದ ಶನಿವಾರ, ಭಾನುವಾರಗಳಲ್ಲಿ ಮೊಟ್ಟೆ, ಚೀಸ್ ತಿನ್ನುವುದನ್ನು ಸಹ ನಿಷೇಧಿಸಿತ್ತು. 13ನೇ ಶತಮಾನದಲ್ಲಿ ಥಾಮಸ್ ಅಕ್ವಿನಾಸ್ ಮಾಂಸದ ಜೊತೆಗೆ ಮೊಟ್ಟೆಯನ್ನೂ ಹಾಲಿನ ಪದಾರ್ಥಗಳನ್ನೂ ಈ ಕಾಲದಲ್ಲಿ ಏಕೆ ಬಿಡಬೇಕೆಂದು ವಿವರಿಸಿದ್ದಾರೆ. ಪಶ್ಚಿಮ ಯುರೋಪಿನಲ್ಲಿ ಮೀನಿಗೆ ಅವಕಾಶವಿತ್ತು, ಹಾಲಿಗೆ ಇರಲಿಲ್ಲ; ಉಳ್ಳವರ ಅಡುಗೆಮನೆಗಳಲ್ಲಿ ಬಾದಾಮಿ ಹಾಲು ಆ ಜಾಗ ತುಂಬುತ್ತಿತ್ತು. ಬೆಣ್ಣೆ ಇಲ್ಲದೆ ಆಗದವರು ಕಾಣಿಕೆ ಕೊಟ್ಟು ವಿನಾಯಿತಿ ಪಡೆಯುತ್ತಿದ್ದರು. ಫ್ರಾನ್ಸಿನ ರೂವಾನ್ ನಗರದ ಮಹಾದೇವಾಲಯದಲ್ಲಿ 1485ರಲ್ಲಿ ಕಟ್ಟಲು ಶುರುವಾದ ಗೋಪುರವೊಂದಕ್ಕೆ ಇಂದಿಗೂ ‘ಬೆಣ್ಣೆ ಗೋಪುರ’ ಎಂದೇ ಹೆಸರು. ಅಂಥ ವಿನಾಯಿತಿಯ ಹಣವೂ ಅದಕ್ಕೆ ಸಂದಿತ್ತೆಂಬ ಮಾತು ಪರಂಪರೆಯಿಂದ ಬಂದಿದೆ. ಈಸ್ಟರ್‌ಗೂ ಮೊಟ್ಟೆಗೂ ನಂಟು ಬೆಳೆಯಲು ಒಂದು ಕಾರಣ, ನಲವತ್ತು ದಿನ ತಿನ್ನದೆ ಉಳಿದ ಮೊಟ್ಟೆಗಳು ಆ ದಿನ ಒಟ್ಟಿಗೆ ಊಟದ ಮೇಜಿಗೆ ಬರುತ್ತಿದ್ದದ್ದು. ಹಾಲು, ಮೊಟ್ಟೆ ಬಿಟ್ಟು ಈ ಕಾಲವನ್ನು ಕಳೆಯುವವರು ಹೊಸ ಪಂಥ ಹಿಡಿದಂತಾಗುವುದಿಲ್ಲ. ಹಳೆಯ ದಾರಿಯಲ್ಲೇ ನಡೆದಂತಾಗುತ್ತದೆ.

ಪೂರ್ವದ ಸಭೆಗಳಲ್ಲಿ ಈ ರೂಢಿ ಇನ್ನೂ ಜೀವಂತವಾಗಿದೆ. ಗ್ರೀಕ್ ಆರ್ಥೊಡಾಕ್ಸ್ ಸಂಪ್ರದಾಯ ಮಾಂಸ, ಹಾಲು, ಮೊಟ್ಟೆಗಳನ್ನು ಬಿಡಿಸುತ್ತದೆ. ಮೀನಿಗೆ ಒಂದೆರಡು ಹಬ್ಬದ ದಿನ ಮಾತ್ರ ಅನುಮತಿ. ಸಿಗಡಿ, ಕಪ್ಪೆಚಿಪ್ಪು, ಜೇನಿಗೆ ಅಲ್ಲಿ ಅಡ್ಡಿಯಿಲ್ಲ, ವೀಗನ್ ಆಹಾರದಲ್ಲಿ ಅವುಗಳಿಗೂ ಜಾಗವಿಲ್ಲ. ಎರಡರ ನಡುವಿನ ಈ ವ್ಯತ್ಯಾಸ ಗೊತ್ತಿರಬೇಕು. ಇಥಿಯೋಪಿಯಾದ ಆರ್ಥೊಡಾಕ್ಸ್ ಕ್ರೈಸ್ತರ ದೊಡ್ಡ ಉಪವಾಸ 55 ದಿನಗಳದ್ದು. ಆಗ ಕಡಲೆಹಿಟ್ಟಿನ ದಪ್ಪ ಸಾರಾದ ಶಿರೋ, ಖಾರದ ಮಸೂರ್ ಬೇಳೆ, ಸೊಪ್ಪಿನ ಪಲ್ಯಗಳನ್ನು ಹುಳಿ ಬರಿಸಿದ ಟೆಫ್ ಹಿಟ್ಟಿನ ಇಂಜೆರಾ ಮೇಲೆ ಬಡಿಸುತ್ತಾರೆ. ಅದು ಯಾವುದರ ಬದಲಿಗೂ ಮಾಡಿದ ಅಡುಗೆಯಲ್ಲ, ಆ ಕಾಲಕ್ಕೆಂದೇ ಬೆಳೆದು ಬಂದ ಸ್ವತಂತ್ರ ರುಚಿ. ಮನೆಯವರೆಲ್ಲ ಒಂದೇ ತಟ್ಟೆಯ ಸುತ್ತ ಕುಳಿತು ಉಣ್ಣುತ್ತಾರೆ. ಇಷ್ಟು ಕಠಿಣ ನಿಯಮ ಇಷ್ಟು ಶತಮಾನ ಉಳಿದು ಬಂದದ್ದಕ್ಕೆ ನಂಬಿಕೆ ಒಂದು ಕಾರಣವಾದರೆ, ಊಟ ಎಲ್ಲರಿಗೂ ಒಂದೇ ಆಗಿರುವುದು ಇನ್ನೊಂದು ಕಾರಣ ಎಂದು ಧಾರಾಳವಾಗಿ ಹೇಳಬಹುದು.

ನಮ್ಮ ನೆರೆಯಲ್ಲೂ ಇದಕ್ಕೆ ಸಾಕ್ಷಿಗಳಿವೆ. ಸಂತ ತೋಮಸರ ಪರಂಪರೆಯ ಕೇರಳದ ಕ್ರೈಸ್ತರಲ್ಲಿ ಐವತ್ತು ದಿನದ ನೋಂಬು ಹಿಡಿದು ಮಾಂಸ, ಮೀನು, ಮೊಟ್ಟೆ, ಹಾಲು ಬಿಡುವ ಪದ್ಧತಿಯಿದೆ. ಬೆಳ್ತಂಗಡಿಯ ಕಡೆ ಬಂದು ನೆಲೆಸಿದ ಕುಟುಂಬಗಳಿಗೂ ಬ್ರಹ್ಮಾವರದ ಆರ್ಥೊಡಾಕ್ಸ್ ಸಮುದಾಯಕ್ಕೂ ಈ ಪೂರ್ವದ ಪರಂಪರೆಗಳ ನಂಟು ಉಂಟು. ಗರಿಗಳ ಭಾನುವಾರದ ಹಿಂದಿನ ದಿನ ಆ ಮನೆಗಳಲ್ಲಿ ಮಾಡುವ ಕೊಳುಕ್ಕಟ್ಟ ಅಕ್ಕಿಹಿಟ್ಟಿನೊಳಗೆ ಕಾಯಿಬೆಲ್ಲ ತುಂಬಿದ ಕಡುಬು. ಪವಿತ್ರ ಗುರುವಾರದ ಪೆಸಹಾ ಅಪ್ಪ ಅಕ್ಕಿ, ಉದ್ದಿನದು. ಅದರ ಜೊತೆಗಿನ ‘ಪಾಲು’ ತೆಂಗಿನಹಾಲು, ಬೆಲ್ಲದ್ದು. ಎರಡರಲ್ಲೂ ಹಸುವಿನ ಹಾಲಿನ ಹನಿಯಿಲ್ಲ. ಮಂಗಳೂರಿನ ಕೊಂಕಣಿ ಕಥೋಲಿಕರು ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಮಾಡುವ ಬೆಸಸಂಖ್ಯೆಯ ತರಕಾರಿ ಅಡುಗೆಗಳೂ ಹೀಗೆಯೇ: ಕೆಸುವಿನ ದಂಟು, ಬೆಂಡೆ, ಹೀರೆ, ಕಡಲೆಯ ಸುಕ್ಕೆ, ಕೊನೆಗೆ ಬೇಳೆ, ಬೆಲ್ಲ, ತೆಂಗಿನಹಾಲಿನ ವೊರ್ನ್. ಹಬ್ಬದ ಊಟವೆಂದರೆ ಮಾಂಸ ಇರಲೇಬೇಕು ಎನ್ನುವವರಿಗೆ ಸಮುದಾಯದ ದೊಡ್ಡ ಹಬ್ಬವೊಂದರ ಎಲೆಯೇ ಉತ್ತರ ಕೊಡುತ್ತದೆ. ವೀಗನ್ ಅಡುಗೆಯ ಪಾಠವನ್ನು ದೂರದ ದೇಶದಿಂದ ತರಿಸಬೇಕಾಗಿಲ್ಲ. ಮನೆಯ ಹಿರಿಯರನ್ನು ಕೇಳಿದರೆ ಅರ್ಧ ಪಟ್ಟಿ ಸಿದ್ಧವಾಗುತ್ತದೆ.

ಕಷ್ಟವಿರುವುದು ಹಾಲಿನಲ್ಲಿ

ಹಾಗಿದ್ದರೂ ಕರ್ನಾಟಕದ ಅಡುಗೆಮನೆಗೆ ವೀಗನ್ ಕ್ರಮ ಸುಲಭ ಎಂದು ಹೇಳಿ ಮುಗಿಸುವಂತಿಲ್ಲ. ಮಾಂಸ ಬಿಟ್ಟರೆ ಮಧ್ಯಾಹ್ನದ ಒಂದು ಪದಾರ್ಥ ಕಡಿಮೆಯಾಗುತ್ತದೆ ಅಷ್ಟೆ. ಹಾಲು ಬಿಟ್ಟರೆ ಬೆಳಗಿನ ಕಾಫಿಯಿಂದ ರಾತ್ರಿಯ ಮಜ್ಜಿಗೆ ಅನ್ನದವರೆಗೆ ಇಡೀ ದಿನ ಅಲುಗಾಡುತ್ತದೆ. ಆದ್ದರಿಂದ ಯೋಜನೆ ಹಾಲಿನಿಂದಲೇ ಶುರುವಾಗಬೇಕು. ಹಾಲು ಮನೆಯಲ್ಲಿ ಎಲ್ಲೆಲ್ಲಿ ಬಳಕೆಯಾಗುತ್ತಿದೆ ಎಂದು ಮೊದಲು ನೋಡಿ: ಕಾಫಿ, ಚಹಾ, ಊಟದ ಕೊನೆಯ ಮೊಸರು, ಮಜ್ಜಿಗೆಹುಳಿ, ತಂಬುಳಿ, ಒಗ್ಗರಣೆಯ ತುಪ್ಪ, ಸಿಹಿತಿಂಡಿ. ಪ್ರತಿಯೊಂದಕ್ಕೂ ಬೇರೆಬೇರೆ ಪರಿಹಾರ ಬೇಕು. ಒಂದೇ ಪೊಟ್ಟಣದ ಬಾದಾಮಿ ಪಾನೀಯ ತಂದು ಎಲ್ಲಕ್ಕೂ ಸುರಿದರೆ ಖರ್ಚೂ ಹೆಚ್ಚು, ರುಚಿಯೂ ಕೆಡುತ್ತದೆ. ಒಗ್ಗರಣೆಗೆ ಕರಾವಳಿಯಲ್ಲಿ ತೆಂಗಿನೆಣ್ಣೆ, ಬಯಲುಸೀಮೆಯಲ್ಲಿ ಕಡಲೆಕಾಯಿ ಎಣ್ಣೆ ಮೊದಲಿನಿಂದಲೂ ಇವೆ. ಮಜ್ಜಿಗೆಹುಳಿಯ ಜಾಗಕ್ಕೆ ಹುಣಸೆ, ತೆಂಗು ಹಾಕಿದ ಕಾಯಿಹುಳಿ ಬರುತ್ತದೆ. ಊಟದ ಕೊನೆಗೆ ತಂಪು ಬೇಕೆನ್ನುವವರಿಗೆ ಪುನರ್ಪುಳಿಯ ತಿಳಿಸಾರು, ಇಲ್ಲವೇ ತೆಂಗಿನಹಾಲು ಬೆರೆಸಿದ ಅದರ ಕಢಿ ಇದೆ. ಹಳೇ ಮೈಸೂರಿನ ಬಸ್ಸಾರು, ಉಪ್ಸಾರು, ಮಸ್ಸೊಪ್ಪು; ಉತ್ತರ ಕರ್ನಾಟಕದ ಜೋಳದ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಚಟ್ನಿ, ಝುಣಕ; ಕರಾವಳಿಯ ಗಂಜಿ, ಹುರುಳಿ ಸಾರು, ನೀರುದೋಸೆ ಇವೆಲ್ಲ ಏನನ್ನೂ ಬದಲಿಸದೆ ವೀಗನ್ ಆಗಿಯೇ ಇವೆ.

ಕಾಫಿಯ ವಿಷಯದಲ್ಲಿ ತುಸು ಎಚ್ಚರ ಬೇಕು. ಸೋಯಾ ಹಾಲಿಗೆ ಬಿಸಿ ಡಿಕಾಕ್ಷನ್ ಒಮ್ಮೆಲೇ ಸುರಿದರೆ ಅದರ ಪ್ರೋಟೀನು ಹುಳಿ ಮತ್ತು ಶಾಖಕ್ಕೆ ಹೆಪ್ಪುಗಟ್ಟಿ ಒಡೆಯುತ್ತದೆ. ಹಾಲನ್ನು ಬೇರೆಯಾಗಿ ಬೆಚ್ಚಗೆ ಮಾಡಿಕೊಂಡು, ಡಿಕಾಕ್ಷನ್ ಸ್ವಲ್ಪ ಆರಿದ ಮೇಲೆ ಹಂತಹಂತವಾಗಿ ಬೆರೆಸಿದರೆ ಒಡೆಯುವುದು ಕಡಿಮೆ. ಇದು ಬೇಡವೆಂದರೆ ಬೆಲ್ಲದ ಕರಿ ಕಾಫಿ, ಕೊತ್ತಂಬರಿ ಜೀರಿಗೆಯ ಕಷಾಯಗಳಿವೆ. ಹಾಲಿನ ರುಚಿಯನ್ನು ಅನುಕರಿಸದ ಪಾನೀಯಕ್ಕೆ ನಾಲಿಗೆ ಬೇಗ ಒಗ್ಗುತ್ತದೆ. ಮೊಸರಿಗೆ ಶೇಂಗಾ ಒಳ್ಳೆಯ ದಾರಿ. ಒಂದು ಲೋಟ ಹಸಿ ಶೇಂಗಾವನ್ನು ರಾತ್ರಿಯಿಡೀ ನೆನೆಹಾಕಿ, ಸಿಪ್ಪೆ ಉಜ್ಜಿ ತೆಗೆದು, ಮೂರು ಲೋಟ ನೀರು ಸೇರಿಸುತ್ತ ನುಣ್ಣಗೆ ರುಬ್ಬಿ, ಬಟ್ಟೆಯಲ್ಲಿ ಸೋಸಿ. ಬಂದ ಹಾಲನ್ನು ತಳ ಹಿಡಿಯದಂತೆ ಕಲಕುತ್ತ ಹತ್ತು ನಿಮಿಷ ಕುದಿಸಿ, ಬೆರಳು ತಾಳುವಷ್ಟು ಬೆಚ್ಚಗಾದಾಗ ಹಸಿಮೆಣಸಿನಕಾಯಿಯ ಏಳೆಂಟು ತೊಟ್ಟುಗಳನ್ನು ಅದರಲ್ಲಿ ಮುಳುಗಿಸಿ ಮುಚ್ಚಿಡಿ. ಬೇಸಿಗೆಯ ಸೆಕೆಗೆ ಎಂಟು ಹತ್ತು ಗಂಟೆಯಲ್ಲಿ ಹೆಪ್ಪುಗಟ್ಟುತ್ತದೆ. ಮೊದಲ ಸಲ ತೆಳ್ಳಗಿದ್ದರೂ ಅದನ್ನೇ ಹೆಪ್ಪಾಗಿ ಬಳಸಿದರೆ ಎರಡನೆಯದು ಗಟ್ಟಿಯಾಗುತ್ತದೆ. ಅನ್ನಕ್ಕೆ ಕಲಸಿ, ಸಾಸಿವೆ, ಶುಂಠಿ, ಕರಿಬೇವಿನ ಒಗ್ಗರಣೆ ಕೊಟ್ಟರೆ ಶೇಂಗಾದ ವಾಸನೆ ಹಿಂದೆ ಸರಿಯುತ್ತದೆ. ಮನೆಯಲ್ಲಿ ಯಾರಿಗಾದರೂ ಶೇಂಗಾ ಅಲರ್ಜಿಯಿದ್ದರೆ ಇದರ ಗೊಡವೆಗೆ ಹೋಗದೆ ತೆಂಗಿನಹಾಲು, ಸೋಯಾ ಹಾಲುಗಳನ್ನೇ ನೆಚ್ಚಿಕೊಳ್ಳಿ.

ಅಂಗಡಿಯ ಪೊಟ್ಟಣ ಕೊಳ್ಳುವಾಗ ಹಸಿರು ಚುಕ್ಕೆ ನೋಡಿ ತೃಪ್ತರಾಗಬೇಡಿ. ಅದು ಸಸ್ಯಾಹಾರದ ಗುರುತು. ಹಾಲು, ಬೆಣ್ಣೆ, ಜೇನು ಇರುವ ಪದಾರ್ಥಕ್ಕೂ ಅದೇ ಚುಕ್ಕೆ ಬರುತ್ತದೆ. ವೀಗನ್ ಆಹಾರಕ್ಕೆ ಭಾರತದಲ್ಲಿ 2022ರ ನಿಯಮಗಳ ಅಡಿಯಲ್ಲಿ ಪ್ರತ್ಯೇಕ ಲಾಂಛನವೇ ಇದೆ. ಅದು ಕಾಣದಿದ್ದರೆ ಪದಾರ್ಥಗಳ ಪಟ್ಟಿ ಓದಿ: ಹಾಲಿನ ಪುಡಿ, ಹಾಲಿನ ಘನಾಂಶ, ವೇ, ಕೇಸಿನ್, ಬೆಣ್ಣೆ ಕೊಬ್ಬು ಎಂಬ ಹೆಸರುಗಳು ಬಿಸ್ಕತ್ತು, ಬ್ರೆಡ್ಡು, ಚಾಕೊಲೇಟು, ಕೆಲವು ಮಸಾಲೆ ಚಿಪ್ಸ್‌ಗಳಲ್ಲೂ ಸಿಗುತ್ತವೆ. ಬೇಕರಿಯ ಬನ್ನು ಹೊಳೆಯುತ್ತಿದ್ದರೆ ಅದರ ಮೇಲೆ ಹಾಲನ್ನೋ ಮೊಟ್ಟೆಯನ್ನೋ ಸವರಿರಬಹುದು, ಕೇಳಿಯೇ ಕೊಳ್ಳಬೇಕು.

ದೇಹದ ಲೆಕ್ಕ

ಇನ್ನು ಪೌಷ್ಟಿಕಾಂಶದ ಆಕ್ಷೇಪ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ಮತ್ತು ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2020ರಲ್ಲಿ ಕೊಟ್ಟ ಶಿಫಾರಸಿನಂತೆ ವಯಸ್ಕರಿಗೆ ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 0.83 ಗ್ರಾಂ ಪ್ರೋಟೀನು, ಅಂದರೆ 60 ಕಿಲೋ ತೂಕದವರಿಗೆ ಸುಮಾರು 50 ಗ್ರಾಂ ಬೇಕು. ದಿನವಿಡೀ ಸೇರಿ 300 ಗ್ರಾಂ ಅಕ್ಕಿ, ರಾಗಿ, ಗೋಧಿಗಳಿಂದ ಸುಮಾರು 24 ಗ್ರಾಂ, 100 ಗ್ರಾಂ ಬೇಳೆಕಾಳುಗಳಿಂದ ಸುಮಾರು 22 ಗ್ರಾಂ, ಒಂದು ಹಿಡಿ ಶೇಂಗಾದಿಂದ ಏಳು ಗ್ರಾಂ ಸಿಗುತ್ತದೆ. ಲೆಕ್ಕ ತುಂಬುತ್ತದೆ, ಆದರೆ ಬೇಳೆಕಾಳು 100 ಗ್ರಾಂ ಇದ್ದರೆ ಮಾತ್ರ. ತಿಳಿಸಾರಿನಲ್ಲಿ ಬೇಳೆ ಎಲ್ಲೋ ಒಂದು ಚಮಚ ಇರುತ್ತದೆ. ಅದನ್ನು ನಂಬಿ ಕೂರುವಂತಿಲ್ಲ. ಬೆಳಿಗ್ಗೆ ಹೆಸರುಕಾಳಿನ ದೋಸೆ, ಮಧ್ಯಾಹ್ನ ಗಟ್ಟಿ ಹುಳಿ, ಸಂಜೆ ಕಡಲೆ ಉಸಲಿ ಎಂದು ಮೂರು ಹೊತ್ತೂ ಕಾಳು ಇರಬೇಕು. ಒಮ್ಮೆಲೇ ಕಾಳು ಹೆಚ್ಚಿಸಿದರೆ ಹೊಟ್ಟೆಯುಬ್ಬರ ಬರುವುದುಂಟು; ಆದ್ದರಿಂದ ವಿಭೂತಿ ಬುಧವಾರಕ್ಕೆ ಒಂದೆರಡು ವಾರ ಮೊದಲೇ ಪ್ರಮಾಣವನ್ನು ನಿಧಾನವಾಗಿ ಏರಿಸಿ, ನೆನೆಸಿದ ನೀರು ಚೆಲ್ಲಿ, ಇಂಗು, ಜೀರಿಗೆ ಹಾಕಿ ಬೇಯಿಸಿ.

ಕ್ಯಾಲ್ಸಿಯಂ ಹಾಲಿನ ಪರ ವಾದಿಸುವವರ ಗಟ್ಟಿ ಅಸ್ತ್ರ. ದಿನಕ್ಕೆ 1000 ಮಿಲಿಗ್ರಾಂ ಬೇಕು. 400 ಮಿಲಿಲೀಟರ್ ಹಸುವಿನ ಹಾಲು ಅದರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟನ್ನು ಕೊಡುತ್ತದೆ. ಅದನ್ನು ಬಿಟ್ಟ ಮೇಲೆ ಕೊರತೆ ತುಂಬಿಸಲೇಬೇಕು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಒಂದು ದೊಡ್ಡ ಮುದ್ದೆ, ಒಂದು ಲೋಟ ಅಂಬಲಿ ಸೇರಿದರೆ ಅಷ್ಟು ಹಿಟ್ಟು ಹೊಟ್ಟೆಗೆ ಹೋಗುತ್ತದೆ. ಎರಡು ಚಮಚ ಎಳ್ಳಿನ ಚಟ್ನಿಪುಡಿ, ನುಗ್ಗೆಸೊಪ್ಪು, ಹುರುಳಿ ಇವು ಉಳಿದದ್ದನ್ನು ತುಂಬುತ್ತವೆ. ಪಾಲಕ್ ಈ ಪಟ್ಟಿಯಲ್ಲಿಲ್ಲ: ಅದರ ಆಕ್ಸಲೇಟ್ ಅಂಶ ಕ್ಯಾಲ್ಸಿಯಂ ಅನ್ನು ಹಿಡಿದಿಡುವುದರಿಂದ ದೇಹಕ್ಕೆ ದಕ್ಕುವುದು ಅತ್ಯಲ್ಪ. ರಾಗಿ, ಕಾಳುಗಳನ್ನು ಮೊಳಕೆ ಬರಿಸಿದರೆ ಖನಿಜಗಳಿಗೆ ಅಡ್ಡಿಯಾಗುವ ಫೈಟೇಟ್ ಕಡಿಮೆಯಾಗುತ್ತದೆ. ಕಬ್ಬಿಣದ ಅಂಶ ದಕ್ಕಲು ಊಟದಲ್ಲಿ ನಿಂಬೆಹುಳಿ ಇರಲಿ, ಕಾಫಿ ಚಹಾ ಊಟದಿಂದ ಒಂದು ಗಂಟೆ ದೂರವಿರಲಿ. ಅಗಸೆಯ ಚಟ್ನಿಪುಡಿ ಮೀನು ಬಿಟ್ಟವರಿಗೆ ಒಮೆಗಾ-3 ಒದಗಿಸುತ್ತದೆ. ಅಯೋಡಿನ್ ಇರುವ ಉಪ್ಪನ್ನೇ ಬಳಸಿ.

ಬಿ12 ಜೀವಸತ್ವದ ವಿಷಯದಲ್ಲಿ ಮಾತ್ರ ರಾಜಿಯಿಲ್ಲ. ಸಸ್ಯಮೂಲದ ಆಹಾರದಲ್ಲಿ ಅದಕ್ಕೆ ನಂಬಬಹುದಾದ ಮೂಲ ಇಲ್ಲ. ಇಡ್ಲಿ ಹಿಟ್ಟು ಹುದುಗಿದರೆ ಬರುತ್ತದೆ, ಸ್ಪಿರುಲಿನಾದಲ್ಲಿದೆ ಎಂಬ ಮಾತುಗಳನ್ನು ನಂಬಬೇಡಿ. ಯಕೃತ್ತಿನಲ್ಲಿ ಇದರ ಸಂಗ್ರಹ ತಕ್ಕಷ್ಟಿದ್ದವರಿಗೆ ನಲವತ್ತು ದಿನದಲ್ಲಿ ಏನೂ ಆಗುವುದಿಲ್ಲ, ಸಂಗ್ರಹ ವರ್ಷಗಟ್ಟಲೆ ಬರುತ್ತದೆ. ಆದರೆ ಮೊದಲಿನಿಂದ ಸಸ್ಯಾಹಾರಿಗಳಾದವರು, ವಯಸ್ಸಾದವರು, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಅಥವಾ ಆಸಿಡಿಟಿಗೆ ದೀರ್ಘಕಾಲ ಮಾತ್ರೆ ತೆಗೆದುಕೊಳ್ಳುವವರಲ್ಲಿ ಆ ಸಂಗ್ರಹ ಈಗಾಗಲೇ ತಳ ಕಂಡಿರಬಹುದು. ಅಂಥವರು ಮೊದಲೇ ರಕ್ತ ಪರೀಕ್ಷೆ ಮಾಡಿಸಿಕೊಳ್ಳಲಿ. ಈಸ್ಟರ್ ನಂತರವೂ ಈ ಕ್ರಮ ಮುಂದುವರಿಸುವವರು ವೈದ್ಯರ ಸಲಹೆಯಂತೆ ಬಿ12 ಮಾತ್ರೆ ಶುರುಮಾಡಲಿ.

ಇಷ್ಟು ಜಾಗ್ರತೆ ವಹಿಸಿದರೆ ಲಾಭವೂ ಇದೆಯೇ? ಗ್ರೀಸಿನ ಕ್ರೀಟ್ ದ್ವೀಪದಲ್ಲಿ ಚರ್ಚಿನ ಉಪವಾಸಗಳನ್ನು ಪಾಲಿಸುವ 60 ಮಂದಿಯನ್ನು ಪಾಲಿಸದ 60 ಮಂದಿಯೊಂದಿಗೆ ಒಂದು ವರ್ಷ ಹೋಲಿಸಿ ನೋಡಿದ ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಉಪವಾಸದ ಅವಧಿಗಳ ಕೊನೆಗೆ ಪಾಲಿಸುವವರ ಒಟ್ಟು ಕೊಲೆಸ್ಟರಾಲ್ ಸುಮಾರು ಶೇ. 9, ಕೆಟ್ಟ ಕೊಲೆಸ್ಟರಾಲ್ ಸುಮಾರು ಶೇ. 12 ಇಳಿದಿತ್ತು. ಅದರ ಜೊತೆಗೆ ಒಳ್ಳೆಯ ಕೊಲೆಸ್ಟರಾಲ್ ಸಹ ತುಸು ಇಳಿದಿತ್ತು ಎಂಬುದನ್ನೂ ಹೇಳಬೇಕು. ತಾವಾಗಿಯೇ ಉಪವಾಸ ಆರಿಸಿಕೊಂಡವರ ಅಧ್ಯಯನವಿದು, ಅವರ ಜೀವನಕ್ರಮದ ಬೇರೆ ಅಂಶಗಳೂ ಕೆಲಸ ಮಾಡಿರಬಹುದು. ಹಾಗಾಗಿ ಇದನ್ನು ಔಷಧಿಯೆಂದು ಸಾರಬಾರದು. ವಯಸ್ಕ ಆರೋಗ್ಯವಂತರಿಗೆ, ಯೋಜಿಸಿ ಮಾಡಿದರೆ, ನಲವತ್ತು ದಿನದಿಂದ ಹಾನಿಯಿಲ್ಲ, ಅನುಕೂಲವೂ ಆಗಬಹುದು ಎನ್ನುವಷ್ಟಕ್ಕೆ ಆಧಾರ ಸಾಕು. ಮಕ್ಕಳು, ಗರ್ಭಿಣಿಯರು, ಬಾಣಂತಿಯರು, ಮೂತ್ರಪಿಂಡದ ತೊಂದರೆಯಿರುವವರು, ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಇದಕ್ಕೆ ಇಳಿಯಬಾರದು. ಬೆಳೆಯುವ ಮಕ್ಕಳ ಹಾಲು, ಮೊಟ್ಟೆಯನ್ನು ದೊಡ್ಡವರ ಸಂಕಲ್ಪಕ್ಕಾಗಿ ನಿಲ್ಲಿಸುವುದು ತಪ್ಪು. ಚರ್ಚಿನ ಉಪವಾಸದ ನಿಯಮವೂ ಅನಾರೋಗ್ಯ ಇರುವವರನ್ನು ಕಟ್ಟಿಹಾಕುವುದಿಲ್ಲ.

ಎಲ್ಲರೂ ಕೂತು ಉಣ್ಣುವ ದಿನ

ಒಂದೇ ಒಲೆಯ ಸೂತ್ರ ಇಲ್ಲಿ ಕೆಲಸಕ್ಕೆ ಬರುತ್ತದೆ. ಮನೆಯಲ್ಲಿ ಒಬ್ಬರು ವೀಗನ್, ಇನ್ನೊಬ್ಬರಿಗೆ ಮೊಸರು ಬೇಕು, ಮಕ್ಕಳಿಗೆ ಮೊಟ್ಟೆ ಬೇಕು ಎಂದಿಟ್ಟುಕೊಳ್ಳಿ. ಸಾಂಬಾರು, ಪಲ್ಯ, ಚಟ್ನಿ, ಅನ್ನ, ರೊಟ್ಟಿ ಇಷ್ಟನ್ನೂ ಎಣ್ಣೆಯ ಒಗ್ಗರಣೆಯಲ್ಲಿ ಎಲ್ಲರಿಗೂ ಒಟ್ಟಿಗೆ ಮಾಡಿ. ತುಪ್ಪ ಬೇಕಾದವರ ಅನ್ನದ ಮೇಲೆ ಬೀಳಲಿ, ಸಾರಿನ ಪಾತ್ರೆಗೆ ಬೀಳಬಾರದು. ಮೊಸರು ಬಟ್ಟಲಲ್ಲಿರಲಿ, ಪಚಡಿಯೊಳಗೆ ಬೆರೆಯಬಾರದು. ಮೊಟ್ಟೆ ಬೇಯಿಸಿ ಬದಿಯಲ್ಲಿಡಿ. ಹೀಗೆ ಪ್ರಾಣಿಜನ್ಯ ಪದಾರ್ಥಗಳೆಲ್ಲ ಅಡುಗೆಯ ಕೊನೆಗೆ, ತಟ್ಟೆಯ ಮಟ್ಟದಲ್ಲಿ ಸೇರುವಂತಾದರೆ ಯಾರಿಗೂ ಏನೂ ತಪ್ಪುವುದಿಲ್ಲ, ಅಡುಗೆ ಮಾಡುವವರಿಗೆ ಎರಡು ಪಟ್ಟು ದುಡಿಮೆಯೂ ಇಲ್ಲ. ಸೌಟುಗಳು ಬೇರೆಬೇರೆ ಇರಲಿ, ಅಷ್ಟೆ. ಸಂಕಲ್ಪ ಮಾಡಿದವರೇ ವಾರಕ್ಕೆ ಕೆಲವು ದಿನ ಅಡುಗೆಯ ಹೊಣೆ ಹೊರಬೇಕು ಎಂಬುದನ್ನೂ ಇದರೊಂದಿಗೆ ಸೇರಿಸಬೇಕು; ತಾನು ಮಾಡುವ ತ್ಯಾಗಕ್ಕೆ ತಾಯಿಯೋ ಹೆಂಡತಿಯೋ ಬೆಳಿಗ್ಗೆ ಒಂದು ಗಂಟೆ ಮೊದಲು ಏಳಬೇಕಾದರೆ ಆ ತ್ಯಾಗ ಯಾರದ್ದು?

ಈಸ್ಟರ್ ಭಾನುವಾರ ಈ ಸೂತ್ರಕ್ಕೆ ನಿಜವಾದ ಪರೀಕ್ಷೆ. ಉಪವಾಸ ಮುಗಿದಿದೆ, ಮನೆಗೆ ನೆಂಟರು ಬರುತ್ತಾರೆ, ಹಲವರಿಗೆ ಹಂದಿಮಾಂಸದ ಬಫಾತ್ ಬೇಕು. ವೀಗನ್ ಕ್ರಮವನ್ನು ಮುಂದುವರಿಸಲು ಬಯಸಿದವರೂ ಅದೇ ಪಂಕ್ತಿಯಲ್ಲಿದ್ದಾರೆ. ಬಫಾತ್ ಪುಡಿಯಲ್ಲಿ ಮೆಣಸು, ಕೊತ್ತಂಬರಿ, ಜೀರಿಗೆ, ಅರಿಶಿನ, ಕರಿಮೆಣಸಿನಂಥ ಮಸಾಲೆಗಳಷ್ಟೇ ಇರುವುದರಿಂದ ಹಬ್ಬದ ಮಸಾಲೆ ಇಬ್ಬರಿಗೂ ಒಂದೇ. ಈರುಳ್ಳಿ, ಶುಂಠಿ, ಹಸಿಮೆಣಸು, ಪುಡಿ, ಹುಳಿ ಅಥವಾ ವಿನೆಗರ್ ಎಲ್ಲವನ್ನೂ ಒಟ್ಟಿಗೆ ಸಿದ್ಧಮಾಡಿಕೊಂಡು ಎರಡು ಪಾತ್ರೆಗೆ ಹಂಚಿ. ಒಂದಕ್ಕೆ ಮಾಂಸ, ಇನ್ನೊಂದಕ್ಕೆ ಗುಜ್ಜೆ ಮತ್ತು ಕಡಲೆ. ತಪಸ್ಸುಕಾಲದ ತಿಂಗಳುಗಳು ಎಳೆ ಹಲಸಿನ ಕಾಲವೂ ಆಗಿರುವುದು ಅನುಕೂಲ. ಹಂದಿಮಾಂಸ ತನ್ನ ಕೊಬ್ಬಿನಲ್ಲೇ ಬೇಯುತ್ತದೆ, ಗುಜ್ಜೆಗೆ ಆ ಕೊಬ್ಬಿಲ್ಲ. ಆದ್ದರಿಂದ ಅದನ್ನು ಉಪ್ಪು ನೀರಲ್ಲಿ ಮುಕ್ಕಾಲು ಬೇಯಿಸಿ ಬಸಿದು, ಮೂರು ನಾಲ್ಕು ಚಮಚ ತೆಂಗಿನೆಣ್ಣೆಯಲ್ಲಿ ಮಸಾಲೆ ಹುರಿದ ಮೇಲೆ ಸೇರಿಸಿ ಸಣ್ಣ ಉರಿಯಲ್ಲಿ ಬಿಡಿ. ಹಿಂದಿನ ರಾತ್ರಿಯೇ ಮಾಡಿಟ್ಟರೆ ಮಾಂಸದ ಬಫಾತ್‌ನಂತೆ ಇದಕ್ಕೂ ಮರುದಿನ ರುಚಿ ಕೂಡುತ್ತದೆ. ಗುಜ್ಜೆ ಮಾಂಸದ ನಾರಿನ ಹದ ಕೊಡುತ್ತದೆಯೇ ಹೊರತು ಮಾಂಸದ ಪ್ರೋಟೀನ್ ಕೊಡುವುದಿಲ್ಲ. ಕಡಲೆ ಸೇರಿಸುವುದು ಅದಕ್ಕಾಗಿ. ಜೊತೆಗೆ ಸನ್ನ: ಅಕ್ಕಿ, ಉದ್ದು, ಹುದುಗಿಗೆ ಕಳ್ಳು ಅಥವಾ ಯೀಸ್ಟ್, ಎಲ್ಲವೂ ವೀಗನ್. ಕೊನೆಗೆ ವೊರ್ನ್. ಗೇರುಬೀಜದ ಮಾರ್ಜಿಪಾನ್ ಮೊಟ್ಟೆಗಳನ್ನು ಮನೆಯಲ್ಲೇ ಮಾಡುವುದಾದರೆ ಮೊಟ್ಟೆಯ ಬಿಳಿಯ ಬದಲು ಗುಲಾಬಿ ನೀರಿನಲ್ಲಿ ಕಲಸಿ. ಇಂಥ ಮೇಜಿನಲ್ಲಿ ಎಲ್ಲರಿಗೂ ಸಲ್ಲುವ ನಾಲ್ಕು ಪದಾರ್ಥಗಳಿರುತ್ತವೆ, ಕೆಲವರಿಗೆ ಮಾತ್ರ ಸಲ್ಲುವುದು ಒಂದಿರುತ್ತದೆ. ವೀಗನ್ ಆದವರಿಗೆಂದು ಮೂಲೆಯಲ್ಲಿ ಒಂದು ಸಲಾಡ್ ಬಟ್ಟಲು ಇಡುವುದಕ್ಕೂ ಇದಕ್ಕೂ ಅಜಗಜಾಂತರ.

ತಪಸ್ಸುಕಾಲದ ನಡುವೆಯೇ ಯುಗಾದಿ ಬರುವ ವರ್ಷಗಳಲ್ಲಿ ನೆರೆಮನೆಯ ಹೋಳಿಗೆ ಬರುತ್ತದೆ, ಹುಟ್ಟುಹಬ್ಬದ ಕೇಕು ಬರುತ್ತದೆ. ಪ್ರೀತಿಯಿಂದ ಕೊಟ್ಟದ್ದನ್ನು ಬೇಡವೆಂದರೆ ಕೊಟ್ಟವರಿಗೆ ನೋವಾಗುವುದಿಲ್ಲವೇ ಎಂಬ ಪ್ರಶ್ನೆ ಹಗುರವಾದದ್ದಲ್ಲ. ಮೊದಲೇ ತಿಳಿಸಿಟ್ಟರೆ ಬಹುಪಾಲು ಮುಜುಗರ ತಪ್ಪುತ್ತದೆ. ಬರುವ ವಾರ ಊಟಕ್ಕೆ ಕರೆದವರಿಗೆ ‘ಅತ್ತೆ, ಈಸ್ಟರ್‌ವರೆಗೆ ಹಾಲು, ತುಪ್ಪ ಬಿಟ್ಟಿದ್ದೇನೆ, ನಿಮ್ಮ ಹುರುಳಿ ಸಾರು, ಪಲ್ಯ ಇದ್ದರೆ ನನಗೆ ಧಾರಾಳವಾಯಿತು’ ಎಂದರೆ ಸಾಕು; ಬೇಡವೆಂದದ್ದಕ್ಕಿಂತ ಬೇಕೆಂದದ್ದು ಮನಸ್ಸಿನಲ್ಲಿ ಉಳಿಯುತ್ತದೆ. ಹೋಗುವಾಗ ಹತ್ತು ಜನಕ್ಕಾಗುವಷ್ಟು ಒಂದು ವೀಗನ್ ಪದಾರ್ಥ ಮಾಡಿಕೊಂಡು ಹೋಗಿ. ಇಷ್ಟರ ಮೇಲೂ ತಿಳಿಯದೆ ತುಪ್ಪ ಬಿದ್ದ ತುತ್ತೊಂದು ಬಾಯಿಗೆ ಹೋದರೆ ಸಂಕಲ್ಪ ಮುರಿದು ಬೀಳುವುದಿಲ್ಲ. ಅತಿಥಿಯಾಗಿ ಹೋದ ಮನೆಯಲ್ಲಿ ಪದಾರ್ಥ ಪರೀಕ್ಷೆಗೆ ಕೂರುವುದು ತಪಸ್ಸಿನ ಭಾಗವೂ ಅಲ್ಲ. ವಿದೇಶದಲ್ಲಿರುವವರಿಗೆ ಕೆಲವು ಅನುಕೂಲಗಳಿವೆ: ಅಮೆರಿಕ, ಕೆನಡಾಗಳಲ್ಲಿ ಸಿಗುವ ಹಲವು ಸೋಯಾ ಹಾಲುಗಳಿಗೆ ಕ್ಯಾಲ್ಸಿಯಂ, ಬಿ12 ಸೇರಿಸಿರುತ್ತಾರೆ. ಡಬ್ಬಿಯ ಹಲಸು ಕೊಳ್ಳುವಾಗ ಸಕ್ಕರೆ ಪಾಕದ್ದನ್ನು ಬಿಟ್ಟು ಉಪ್ಪು ನೀರಿನ ಎಳೆಯದನ್ನು ಆರಿಸಿ.

ಊಟ ಬದಲಿಸಿದರೆ ಸಾಕೇ?

ಎಲ್ಲಕ್ಕಿಂತ ಗಂಭೀರವಾದ ಆಕ್ಷೇಪ ಭಕ್ತರಿಂದಲೇ ಬರುತ್ತದೆ. ತಪಸ್ಸುಕಾಲ ಪ್ರಾರ್ಥನೆ, ಉಪವಾಸ, ದಾನಗಳ ಕಾಲ. ಅದನ್ನು ಆಹಾರ ಪ್ರಯೋಗವಾಗಿಸಿದರೆ ಅದರ ತಿರುಳೇ ಹೋಗುವುದಿಲ್ಲವೇ? ಹಸಿದವರೊಂದಿಗೆ ರೊಟ್ಟಿ ಹಂಚಿಕೊಳ್ಳುವುದೇ ದೇವರು ಮೆಚ್ಚುವ ಉಪವಾಸ ಎಂಬ ಅರ್ಥದ ಮಾತು ಬೈಬಲಿನ ಯೆಶಾಯನ ಗ್ರಂಥದಲ್ಲಿದೆ. ಈ ಆಕ್ಷೇಪದಲ್ಲಿ ತೂಕವಿದೆ, ಆದರೆ ಅದು ಹೊಡೆಯುವುದು ವೀಗನ್ ಅಡುಗೆಯನ್ನಲ್ಲ, ದುಬಾರಿ ವೀಗನ್ ಅಡುಗೆಯನ್ನು. ಮಾಂಸ ಬಿಟ್ಟು ಅಂಜಲ್, ಸಿಗಡಿ ತಂದು ಶುಕ್ರವಾರ ಔತಣ ಮಾಡುವುದೂ, ಹಾಲು ಬಿಟ್ಟು ಆಮದಿನ ವೀಗನ್ ಚೀಸ್, ಐಸ್‌ಕ್ರೀಂ ಹುಡುಕಿ ಹೊರಡುವುದೂ ಒಂದೇ ಬಗೆಯ ತಪ್ಪು: ಬಿಟ್ಟದ್ದನ್ನು ಬೇರೆ ದಾರಿಯಿಂದ ಮರಳಿ ತಂದುಕೊಂಡಂತೆ. ರಾಗಿ, ಹುರುಳಿ, ಸೊಪ್ಪು, ಗಂಜಿಯ ವೀಗನ್ ಊಟ ಹಾಗಲ್ಲ. ಅದು ಬಡವರ ದಿನದ ಊಟಕ್ಕೆ ಹತ್ತಿರದ್ದು, ಮಾಂಸ, ಹಾಲಿನ ಲೆಕ್ಕದಲ್ಲಿ ಹಣ ಉಳಿಸುವಂಥದ್ದು. ಆ ಉಳಿತಾಯವನ್ನು ವಾರವಾರ ಎಣಿಸಿ ದಾನದ ಪೆಟ್ಟಿಗೆಗೆ ಹಾಕುವ ಮನೆಯಲ್ಲಿ ಅಡುಗೆಯೂ ದಾನವೂ ಒಂದಕ್ಕೊಂದು ಗಂಟುಬೀಳುತ್ತವೆ. ಶುಭ ಶುಕ್ರವಾರ ಕೇರಳದ ಚರ್ಚುಗಳಲ್ಲಿ ಗಂಜಿ ಮತ್ತು ಹೆಸರುಕಾಳಿನ ಪಲ್ಯ ಬಡಿಸಿದಾಗ ಉಳ್ಳವರು ಇಲ್ಲದವರು ಒಟ್ಟಿಗೆ ಕುಳಿತು ಉಣ್ಣುತ್ತಾರೆ. ಊಟದ ಸರಳತೆಯೇ ಅಲ್ಲಿ ಅವರನ್ನು ಸೇರಿಸುತ್ತದೆ.

ಹಾಗಾದರೆ ಶುರುಮಾಡುವುದು ಹೇಗೆ? ವಿಭೂತಿ ಬುಧವಾರದ ಹಿಂದಿನ ವಾರ ಮನೆಮಂದಿ ಕುಳಿತು ಮೂರು ವಿಷಯ ತೀರ್ಮಾನಿಸಿ: ಯಾರು ಎಷ್ಟರಮಟ್ಟಿಗೆ ಪಾಲಿಸುತ್ತಾರೆ, ಭಾನುವಾರಗಳಲ್ಲಿ ಏನು ಮಾಡುವುದು, ಅಡುಗೆಯ ಸರದಿ ಹೇಗೆ. ಎಲ್ಲರಿಗೂ ಇಷ್ಟವಾದ ಹತ್ತು ಹನ್ನೆರಡು ವೀಗನ್ ಅಡುಗೆಗಳ ಪಟ್ಟಿ ಬರೆದು ಗೋಡೆಗೆ ಅಂಟಿಸಿ. ಮೊದಲ ಎರಡು ವಾರ ಹೊಸ ಪಾಕಗಳಿಗೆ ಕೈಹಾಕದೆ ಅದನ್ನೇ ತಿರುಗಿಸಿ. ಪೂರ್ತಿ ವೀಗನ್ ಕಷ್ಟವೆನಿಸಿದವರು ಬುಧವಾರ, ಶುಕ್ರವಾರಗಳಿಂದ ಶುರುಮಾಡಲಿ. ಪೂರ್ವದ ಸಭೆಗಳಲ್ಲಿ ವರ್ಷವಿಡೀ ಉಪವಾಸದ ದಿನಗಳಾಗಿರುವುದೂ ಇವೇ. ಈಸ್ಟರ್ ದಿನ ಮಾಂಸ, ಹಾಲಿಗೆ ಮರಳುವವರು ಮೊದಲ ಊಟದಲ್ಲೇ ಹೊಟ್ಟೆ ಬಿರಿಯುವಷ್ಟು ತಿನ್ನದೆ ಸ್ವಲ್ಪಸ್ವಲ್ಪವಾಗಿ ಮರಳಲಿ. ಆಮೇಲೆ ಏನನ್ನು ತಿನ್ನುವುದು, ಏನನ್ನು ಬಿಡುವುದು ಎಂಬುದು ಅವರವರ ಆಯ್ಕೆ. ಆದರೆ ಎಲ್ಲರೂ ಉಣ್ಣಬಹುದಾದದ್ದನ್ನು ಮೊದಲು ಬೇಯಿಸಿ, ಕೆಲವರಿಗೆ ಬೇಕಾದದ್ದನ್ನು ಆಮೇಲೆ ಸೇರಿಸುವ ಪದ್ಧತಿಯನ್ನು ಮಾತ್ರ ಬಿಡಬೇಡಿ. ಸಕ್ಕರೆ ಕಾಯಿಲೆಯ ಅಜ್ಜನಿಗೆ, ಹಾಲು ಒಗ್ಗದ ಮಗುವಿಗೆ, ಸಸ್ಯಾಹಾರಿ ಸೊಸೆಗೆ, ಬೇರೆ ಧರ್ಮದ ಗೆಳೆಯನಿಗೆ ವರ್ಷದ ಎಲ್ಲ ದಿನವೂ ಅದೇ ಪಂಕ್ತಿಯಲ್ಲಿ ಜಾಗ ಮಾಡಿಕೊಡುವುದು ಆ ಪದ್ಧತಿಯೇ.